ಡಬ್ಬಿ ಇಲ್ಲದ ಆಟಗಳು

ರಿಚರ್ಡ್ ಗ್ಯಾರಿಯಟ್ ತಮ್ಮ 'ಅಕಲಬೆತ್' ಆಟವನ್ನು ಮೊದಮೊದಲು ಮಾರಿದ್ದು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ. 1982ರ ಹೊತ್ತಿಗೆ ಅವರದೇ 'ಅಲ್ಟಿಮಾ 2' ರಟ್ಟಿನ ಡಬ್ಬಿಯಲ್ಲಿ, ಬಟ್ಟೆಯ ನಕ್ಷೆ ಸಮೇತ ಬಂತು.

ಡಬ್ಬಿ ಬರೀ ಚಂದಕ್ಕಲ್ಲ, ಬೀಗವೂ ಹೌದು. ಫ್ಲಾಪಿಯನ್ನು ಯಾರು ಬೇಕಾದರೂ ಕಾಪಿ ಮಾಡಬಹುದಿತ್ತಲ್ಲ! 'ಪ್ರಿನ್ಸ್ ಆಫ್ ಪರ್ಷಿಯಾ' ನೆನಪಿದೆಯಾ? ಮೊದಲ ಹಂತ ಮುಗಿದರೆ ಸಾಲು ಬಾಟಲಿಗಳು. ಡಬ್ಬಿಯೊಳಗಿನ ಪುಸ್ತಕದ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ನೋಡಿ ಸರಿಯಾದದ್ದನ್ನೇ ಕುಡಿಯಬೇಕು.

ನಮಗೆಲ್ಲಿಯ ಪುಸ್ತಕ ಬಿಡ್ರಿ. ಕಮಲಾಪುರದಿಂದ ಬಸ್ ಹತ್ತಿ ಕಲಬುರಗಿಯ (ಆಗಿನ್ನೂ ಗುಲ್ಬರ್ಗ, ಹೆಸರು ಬದಲಾದದ್ದು 2014ರಲ್ಲಿ) ಸೂಪರ್ ಮಾರ್ಕೆಟ್‌ಗೆ ಹೋದರೆ ಸಿಗುತ್ತಿದ್ದುದು ತೆಳು ಕವರಿನಲ್ಲಿ ಒಂದು ಸಿಡಿ. ಮೇಲೆ ಮಾರ್ಕರ್ ಪೆನ್ನಿನಲ್ಲಿ ಆಟದ ಹೆಸರು, ಕೆಳಗೆ ಸಿಡಿ ಕೀ. ಕಳ್ಳ ಕಾಪಿ ಅಂತ ಬೇರೆ ಹೇಳಬೇಕೇ? 1993ರ 'ಡೂಮ್' ಕಥೆ ಅಚ್ಚಾಗಿದ್ದುದು ಕೈಪಿಡಿಯಲ್ಲಿ. ಹಾಗಾಗಿ ಯಾರನ್ನು ಯಾಕೆ ಹೊಡೀತಿದ್ದೀವಿ ಅಂತ ಗೊತ್ತಿಲ್ಲದೇ ವರ್ಷಗಟ್ಟಲೆ ಹೊಡೆದೆವು. ಕಳೆದುಕೊಂಡದ್ದು ರಟ್ಟನ್ನಲ್ಲ, ಅರ್ಧ ಆಟವನ್ನೇ.

2000ದ ಆಸುಪಾಸಿನಲ್ಲಿ ಅಮೆರಿಕದ ಅಂಗಡಿಗಳಲ್ಲೂ ದೊಡ್ಡ ಡಬ್ಬಿ ಕುಗ್ಗಿ ಡಿವಿಡಿ ಕೇಸಿನಷ್ಟಾಯಿತು. ಕಪಾಟಿನ ಜಾಗಕ್ಕೂ ದುಡ್ಡು ತಾನೇ. 2004ರ 'ಹಾಫ್-ಲೈಫ್ 2' ಡಬ್ಬಿ ಕೊಂಡರೂ ಇಂಟರ್ನೆಟ್ಟಿನಲ್ಲಿ ಸ್ಟೀಮ್ ಒಪ್ಪದೆ ಆಟ ತೆರೆಯುತ್ತಿರಲಿಲ್ಲ. ಈಗಂತೂ ಕೆಲವು ಡಬ್ಬಿ ಬಿಚ್ಚಿದರೆ ಡಿಸ್ಕೇ ಇಲ್ಲ, ಕೋಡ್ ಅಚ್ಚಾದ ಒಂದು ಚೀಟಿ.