ವನ್ಯಪ್ರಾಣಿ ಟ್ರೋಫಿಗಳು: ಹದಮಾಡಿಸುವಿಕೆ, ಸ್ವಾಧೀನ ಮತ್ತು ಮಾಲೀಕತ್ವ ಪ್ರಮಾಣಪತ್ರ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ
ಕೊಡಗು, ಮೈಸೂರು ಹಾಗೂ ಮಲೆನಾಡಿನ ಹಲವು ಹಳೆಯ ಮನೆಗಳಲ್ಲಿ ಹಿರಿಯರ ಕಾಲದ ಹುಲಿ, ಚಿರತೆ, ಕಾಟಿ ಮುಂತಾದ ಪ್ರಾಣಿಗಳ ಹದಮಾಡಿದ ತಲೆ, ಚರ್ಮ ಹಾಗೂ ಕೊಂಬುಗಳು ಇಂದಿಗೂ ಇವೆ. ಮೈಸೂರಿನಲ್ಲಿ ಸುಮಾರು 1900ರಿಂದ 1999ರವರೆಗೆ ಕಾರ್ಯನಿರ್ವಹಿಸಿದ ವ್ಯಾನ್ ಇಂಗೆನ್ ಸಂಸ್ಥೆಯು ಈ ಕೆಲಸಕ್ಕೆ ಜಗತ್ಪ್ರಸಿದ್ಧವಾಗಿತ್ತು. ಇಂತಹ ವಸ್ತುಗಳ ಸ್ವಾಧೀನವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ಕ್ಕೆ ಒಳಪಟ್ಟಿರುತ್ತದೆ. ಹಿರಿಯರ ಮರಣಾನಂತರ ವಾರಸುದಾರರು ಅವಧಿಯೊಳಗೆ ಘೋಷಣೆ ಸಲ್ಲಿಸದಿದ್ದಲ್ಲಿ ಕಾನೂನು ಕ್ರಮಕ್ಕೆ ಗುರಿಯಾಗುವ ಸಂಭವವಿರುವುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ಟ್ರೋಫಿ ಎಂದರೇನು?
ಅಧಿನಿಯಮದ ಪ್ರಕಾರ, ಯಾವುದೇ ವಿಧಾನದಿಂದ ಕಾಪಾಡಿ ಇರಿಸಿದ ವನ್ಯಪ್ರಾಣಿಯ ಇಡೀ ದೇಹ ಅಥವಾ ಅದರ ಭಾಗವು ಟ್ರೋಫಿ ಎನಿಸುತ್ತದೆ. ಹದಮಾಡಿದ ತಲೆ, ಚರ್ಮ, ಕೊಂಬು, ಮೂಳೆ, ಹಲ್ಲು, ಉಗುರು, ಗರಿ, ಮೊಟ್ಟೆ ಇತ್ಯಾದಿಗಳು ಇದರಲ್ಲಿ ಸೇರುತ್ತವೆ. ಚಿನ್ನದಲ್ಲಿ ಕಟ್ಟಿಸಿದ ಹುಲಿಯುಗುರಿನ ಪದಕಕ್ಕೂ ಅಧಿನಿಯಮವು ಅನ್ವಯಿಸುತ್ತದೆ.

3. ಹೊಸದಾಗಿ ಹದಮಾಡಿಸಬಹುದೇ?
ಸಾಧ್ಯವಿಲ್ಲ. ಪ್ರಕರಣ 9ರನ್ವಯ ಅನುಸೂಚಿತ ಪ್ರಾಣಿಗಳ ಬೇಟೆ ನಿಷಿದ್ಧವಾಗಿದೆ. ಪ್ರಾಣರಕ್ಷಣೆಗಾಗಿ ಕೊಂದ ಪ್ರಾಣಿಯಾಗಲಿ, ಸತ್ತು ಬಿದ್ದಿರುವ ಪ್ರಾಣಿಯಾಗಲಿ ಸರ್ಕಾರದ ಸ್ವತ್ತಾಗಿರುತ್ತದೆ (ಪ್ರಕರಣ 11 ಮತ್ತು 39). ಅಂತಹ ಸ್ವತ್ತು ಯಾರದೇ ವಶಕ್ಕೆ ಬಂದಲ್ಲಿ 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸತಕ್ಕದ್ದು. ಅಧಿನಿಯಮದ ಅಧ್ಯಾಯ 5ಎ ಪ್ರಕಾರ ಅನುಸೂಚಿತ ಪ್ರಾಣಿಗಳಿಗೆ ಸಂಬಂಧಿಸಿ ಹದಮಾಡುವ ವ್ಯವಹಾರವನ್ನು ನಡೆಸುವಂತಿಲ್ಲ. ಹಳೆಯ ಟ್ರೋಫಿಯ ದುರಸ್ತಿಗಾಗಿ ಅದನ್ನು ಬೇರೊಬ್ಬರಿಗೆ ಒಪ್ಪಿಸುವ ಮುನ್ನ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಯಿಂದ ಲಿಖಿತ ಅನುಮತಿಯನ್ನು ಕೋರುವುದು ಸೂಕ್ತ.

4. ವಾರಸುದಾರರ ಕರ್ತವ್ಯ
ಪ್ರಕರಣ 40ರ ಉಪಪ್ರಕರಣ (2ಬಿ) ಪ್ರಕಾರ, ಪಿತ್ರಾರ್ಜಿತವಾಗಿ ಟ್ರೋಫಿ ಪಡೆದವರು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅಧಿಕೃತ ಅಧಿಕಾರಿಗೆ ಘೋಷಣೆ ಸಲ್ಲಿಸತಕ್ಕದ್ದು. ಹಿರಿಯರ ಹೆಸರಿನಲ್ಲಿ ಪ್ರಮಾಣಪತ್ರವಿದ್ದರೂ ಈ ಘೋಷಣೆ ಕಡ್ಡಾಯ. ಘೋಷಣೆಯೊಂದಿಗೆ ಈ ಕೆಳಕಂಡ ದಾಖಲೆಗಳನ್ನು ಸಿದ್ಧವಿಟ್ಟುಕೊಳ್ಳುವುದರಿಂದ ವಿಚಾರಣೆ ಸುಗಮವಾಗುತ್ತದೆ:
ಅ) ಹಿಂದಿನ ಮಾಲೀಕತ್ವ ಪ್ರಮಾಣಪತ್ರ;
ಆ) ಹಿಂದಿನ ಮಾಲೀಕರ ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷ;
ಇ) ಇತರ ವಾರಸುದಾರರ ಒಪ್ಪಿಗೆ ಪತ್ರ;
ಈ) ಟ್ರೋಫಿಯ ಛಾಯಾಚಿತ್ರ, ಅಳತೆ ಹಾಗೂ ಗುರುತಿನ ವಿವರ;
ಉ) ಅರ್ಜಿದಾರರ ಗುರುತಿನ ಹಾಗೂ ವಿಳಾಸದ ದಾಖಲೆ.

5. ಪರಿಶೀಲನೆ
ಘೋಷಣೆ ಸ್ವೀಕರಿಸಿದ ನಂತರ ಪ್ರಕರಣ 41ರನ್ವಯ ಅಧಿಕಾರಿಗಳು ಸ್ಥಳಕ್ಕೆ ಭೇಟಿ ನೀಡಿ, ವಿಚಾರಣೆ ನಡೆಸಿ, ಪಟ್ಟಿ ತಯಾರಿಸಿ, ಗುರುತಿನ ಚಿಹ್ನೆ ಹಾಕಬಹುದು. ಸ್ವಾಧೀನವು ಕಾನೂನುಬದ್ಧವೆಂದು ಮನವರಿಕೆಯಾದಲ್ಲಿ ಮಾತ್ರ ಪ್ರಕರಣ 42ರಡಿ ಪ್ರಮಾಣಪತ್ರ ನೀಡಲಾಗುತ್ತದೆ. ಹದಮಾಡಿದ ಸಂಸ್ಥೆಯ ಹಳೆಯ ಚೀಟಿ, ರಸೀದಿ ಅಥವಾ ಬೇಟೆಯ ಭಾವಚಿತ್ರ ಪೂರಕ ಪುರಾವೆಯಾಗಬಹುದೇ ಹೊರತು ಪ್ರಮಾಣಪತ್ರಕ್ಕೆ ಬದಲಿಯಾಗುವುದಿಲ್ಲ.

6. ಹಿಂದೆ ಘೋಷಣೆಯೇ ಆಗಿರದಿದ್ದಲ್ಲಿ
1972ರ ಅಧಿನಿಯಮದಡಿ ಘೋಷಿಸದೆ ಉಳಿದವರಿಗೆ 2003ರಲ್ಲಿ ವನ್ಯಜೀವಿ ದಾಸ್ತಾನು ಘೋಷಣಾ ನಿಯಮಗಳ ಮೂಲಕ 180 ದಿನಗಳ ಅವಕಾಶ ನೀಡಲಾಗಿತ್ತು. ಆ ಅವಧಿ ಮುಗಿದಿದೆ. ಇಂತಹ ವಸ್ತು ಮನೆಯಲ್ಲಿ ಕಂಡುಬಂದಲ್ಲಿ ಅದನ್ನು ಬಚ್ಚಿಡುವುದು, ಸುಡುವುದು ಅಥವಾ ಬೇರೆಯವರಿಗೆ ಕೊಡುವುದು ಸಲ್ಲದು. ವಲಯ ಅರಣ್ಯಾಧಿಕಾರಿ ಅಥವಾ ಉಪ ಅರಣ್ಯ ಸಂರಕ್ಷಣಾಧಿಕಾರಿಯವರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು.

7. ಮಾರಾಟ, ಸಾಗಾಣಿಕೆ ಮತ್ತು ಒಪ್ಪಿಸುವಿಕೆ
ಪ್ರಮಾಣಪತ್ರವಿದ್ದರೂ ಟ್ರೋಫಿಯನ್ನು ಮಾರುವಂತಿಲ್ಲ. ವಾಣಿಜ್ಯ ಸ್ವರೂಪದ ಪ್ರತಿಫಲಕ್ಕೆ ವರ್ಗಾಯಿಸುವಂತಿಲ್ಲ (ಪ್ರಕರಣ 43). ಮನೆ ಅಥವಾ ತೋಟವನ್ನು ಮಾರುವಾಗ ಗೋಡೆಯ ಮೇಲಿನ ಟ್ರೋಫಿಯನ್ನು ಕ್ರಯದಲ್ಲಿ ಸೇರಿಸಕೂಡದು. ವಾಸಸ್ಥಳ ಬದಲಾಗಿ ಬೇರೆ ರಾಜ್ಯಕ್ಕೆ ಕೊಂಡೊಯ್ದಲ್ಲಿ 30 ದಿನಗಳೊಳಗೆ ಅಲ್ಲಿನ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ವರದಿ ಮಾಡತಕ್ಕದ್ದು. ಇರಿಸಿಕೊಳ್ಳಲು ಇಚ್ಛಿಸದ ಪ್ರಮಾಣಪತ್ರದಾರರು 2022ರ ತಿದ್ದುಪಡಿಯಿಂದ ಸೇರ್ಪಡೆಯಾದ ಪ್ರಕರಣ 42ಎ ಅಡಿ ಟ್ರೋಫಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸ್ವಇಚ್ಛೆಯಿಂದ ಒಪ್ಪಿಸಬಹುದು. ಇದಕ್ಕೆ ಪರಿಹಾರಧನ ಇರುವುದಿಲ್ಲ.

8. ದಂಡನೆ
ಅನುಸೂಚಿ 1ರ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ರೂ. 25,000ಕ್ಕೆ ಕಡಿಮೆಯಿಲ್ಲದ ಜುಲ್ಮಾನೆ ವಿಧಿಸಬಹುದಾಗಿದೆ. ಟ್ರೋಫಿ ವಶದಲ್ಲಿರುವುದು ಸಾಬೀತಾದಲ್ಲಿ, ಅದು ಕಾನೂನುಬದ್ಧವೆಂದು ರುಜುವಾತುಪಡಿಸುವ ಹೊಣೆಯು ಆರೋಪಿಯ ಮೇಲಿರುತ್ತದೆ (ಪ್ರಕರಣ 57).

9. ಸೂಚನೆ
ಹಿರಿಯರು ಜೀವಿತರಾಗಿರುವಾಗಲೇ ಪ್ರಮಾಣಪತ್ರ ಎಲ್ಲಿದೆ ಎಂಬುದನ್ನು ಕುಟುಂಬದವರು ತಿಳಿದುಕೊಂಡು, ಅದರ ನಕಲನ್ನು ಆಸ್ತಿಪತ್ರಗಳೊಂದಿಗೆ ಇರಿಸತಕ್ಕದ್ದು. ಅರ್ಜಿಯನ್ನು ಖುದ್ದಾಗಿ ಸಲ್ಲಿಸಿ ಸ್ವೀಕೃತಿ ಪಡೆಯಲು ಸಾರ್ವಜನಿಕರನ್ನು ಕೋರಲಾಗಿದೆ. ಈ ಪುಟವು ಮಾಹಿತಿಗಾಗಿ ಮಾತ್ರ. ಅಧಿನಿಯಮದ ಮೂಲ ಪಠ್ಯವೇ ಅಂತಿಮ.