ಹುಣಸೆಮರದ ಬಾಣಂತಿಯರು

ಮದ್ದೂರು ತಾಲ್ಲೂಕಿನ ಬೆಳ್ಳೂರಿನಲ್ಲಿ ಹುಣಸೆಮರ ಮನೆಯವರದು, ಅದರ ಮೇಲಿನ ಗೂಡು ಕೊಕ್ಕರೆಯದು. ಚಳಿಗಾಲದಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಇಲ್ಲಿಗೆ ಬಂದು, ಮೊಟ್ಟೆಯಿಟ್ಟು ಮರಿ ಮಾಡಿ, ಮುಂಗಾರು ಹಿಡಿಯುವ ಹೊತ್ತಿಗೆ ಹೊರಡುತ್ತವೆ. ಊರಿನವರ ಪಾಲಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಬೆಳ್ಳೂರು ಕೊಕ್ಕರೆ ಬೆಳ್ಳೂರಾದದ್ದು ಹೀಗೆ.

ಹಿಂದೆ ಊರು ಶಿಂಷಾ ನದಿಯ ದಡದಲ್ಲಿತ್ತಂತೆ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗು ಬಡಿದು ಜನ ಊರು ಬಿಟ್ಟರು. ಹೊಸ ಜಾಗದಲ್ಲಿ ಒಲೆ ಹೂಡಿದಾಗ ಹಕ್ಕಿಗಳೂ ಬೆನ್ನಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ.

ಬಣ್ಣದ ಕೊಕ್ಕರೆ ಮೀನು ಹಿಡಿಯುವುದು ಕಣ್ಣಿನಿಂದಲ್ಲ, ಕೊಕ್ಕಿನಿಂದ. ಮೊಣಕಾಲುದ್ದದ ಕೆರೆನೀರಿನಲ್ಲಿ ನಿಂತು, ಅರೆತೆರೆದ ಕೊಕ್ಕನ್ನು ಮುಳುಗಿಸಿ ಅತ್ತಿತ್ತ ಬೀಸುತ್ತದೆ. ಕಾಲಿನಿಂದ ಕೆಸರು ಕಲಕುತ್ತದೆ. ಮೀನು ತಗುಲಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಬೇಕಾದದ್ದು ಆಳದ ನೀರಲ್ಲ, ತೆಳುನೀರಿನ ಕೆರೆಯಂಚು. ಸುತ್ತಲಿನ ಕೆರೆಗಳೂ ಶಿಂಷೆಯೂ ಒಣಗಿದರೆ ಗೂಡಿನ ಮರಿಗಳ ಹೊಟ್ಟೆ ತುಂಬುವುದಿಲ್ಲ. ಬಿಸಿಲೇರಿದಾಗ ತಾಯಿಯೋ ತಂದೆಯೋ ರೆಕ್ಕೆ ಹರಡಿ ಮರಿಗಳಿಗೆ ನೆರಳಾಗಿ ನಿಲ್ಲುವುದನ್ನು ಅಂಗಳದಲ್ಲಿ ನಿಂತೇ ನೋಡಬಹುದು.

ಈ ನಂಟಿನಲ್ಲಿ ಅಕ್ಕರೆಯ ಜೊತೆ ಬೇಸಾಯದ ಲೆಕ್ಕವೂ ಇತ್ತು, ಅದರಿಂದಲೇ ನಂಟು ಗಟ್ಟಿಯಾಗಿ ನಿಂತಿತು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಹೂಳು ತುಂಬಿ, ಉದುರುವ ಹಿಕ್ಕೆಯನ್ನು ಅದರಲ್ಲಿ ಹಿಡಿಯುತ್ತಿದ್ದರು. ಹೊಲಕ್ಕೆ ಅದು ಒಳ್ಳೆಯ ಗೊಬ್ಬರ. ಅದಕ್ಕಾಗಿ ಮನೆಯವರು ಹುಣಸೆಹಣ್ಣಿನ ಆಸೆಯನ್ನೂ ಬಿಡುತ್ತಿದ್ದರು, ಏಕೆಂದರೆ ಹಣ್ಣು ಬಡಿಯುವ ಕಾಲವೂ ಮರಿಗಳ ಕಾಲವೂ ಒಂದೇ. ಅಂಗಡಿಯ ಗೊಬ್ಬರ ಬಂದ ಮೇಲೆ ಈ ಲೆಕ್ಕ ಏರುಪೇರಾಯಿತು. ಮರ ಕಡಿದು ಮಾರಿದರೆ ಕೈಗೆ ಕಾಸು ಬರುತ್ತಿತ್ತು.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಈ ಊರಿನ ಹಕ್ಕಿಗಳ ವಿಷಯವನ್ನು ಹೊರಗೆ ತಿಳಿಸಿದರು. ಹಣ್ಣು ಬಿಟ್ಟುಕೊಟ್ಟ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರೂ ಊರಿನ ಯುವಕರೂ ಕೂಡಿ 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗಿಟ್ಟು, ಮೀನು ತಿನ್ನಿಸಿ ಸಾಕಿ ಹಾರಬಿಡುವುದು ಅವರ ಕೆಲಸವಾಯಿತು.

2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಊರು ಒಪ್ಪಿದರೆ ಮಾತ್ರ ನಡೆಯುವ ಏರ್ಪಾಡು ಇದು, ಅದಕ್ಕೇ ಇಲ್ಲಿಗೆ ಹೊಂದಿಕೊಂಡಿತು. ಮರಗಳು ಈಗಲೂ ಮನೆಗಳ ನಡುವೆ, ಹಿತ್ತಿಲಿನಲ್ಲಿ, ದಾರಿಯ ಮಗ್ಗುಲಲ್ಲಿವೆ; ಕೊಕ್ಕರೆಗಳು ಅವುಗಳ ತುದಿಯಲ್ಲೇ ಕಡ್ಡಿ ಜೋಡಿಸುತ್ತವೆ.