ಧ್ರುವಪ್ರದೇಶದ ತಾಪವೃದ್ಧಿಯೂ ಶಿಂಷಾ ಸೀಮೆಯ ಕೆರೆಗಳೂ

ತುಮಕೂರಿನ ಅಮಾನಿಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲಿನ ದೊಡ್ಡಕೆರೆ ಮುಂತಾದವುಗಳ ಏರಿಯ ಎತ್ತರವನ್ನೂ ಕೋಡಿಯ ಅಗಲವನ್ನೂ ನಿಶ್ಚಯಿಸಿದ ಪೂರ್ವಿಕರು, ಈ ನೆಲದ ಮೇಲೆ ಮಳೆ ಎಷ್ಟು ಬೀಳುವುದೆಂಬುದನ್ನೂ ಯಾವ ಕ್ರಮದಲ್ಲಿ ಬೀಳುವುದೆಂಬುದನ್ನೂ ತಲೆಮಾರುಗಳ ಅನುಭವದಿಂದ ಅರಿತವರಾಗಿದ್ದರು. ಆ ಕ್ರಮವು ಕದಲುವುದಕ್ಕೆ ಬಹುದೂರದ ಹಿಮಪ್ರದೇಶಗಳ ತಾಪವೃದ್ಧಿಯೂ ಒಂದು ಕಾರಣವಾಗಬಲ್ಲುದೆಂಬುದನ್ನೂ, ಅದರಿಂದ ಈ ಸೀಮೆಯ ಜಲವ್ಯವಸ್ಥೆಗೆ ಒದಗುವ ಕರ್ತವ್ಯವನ್ನೂ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಮಭಾಜಕ ವೃತ್ತದ ಬಳಿ ಸಂಚಯವಾಗುವ ಉಷ್ಣವನ್ನು ಧ್ರುವಗಳ ಕಡೆಗೆ ಸಾಗಿಸುವುದೇ ವಾಯುಮಂಡಲದ ಮತ್ತು ಸಾಗರಪ್ರವಾಹಗಳ ಮುಖ್ಯ ವ್ಯಾಪಾರ. ಹಿಮಾವೃತ ಸಮುದ್ರವು ಸೂರ್ಯಕಿರಣಗಳ ಬಹುಭಾಗವನ್ನು ಪ್ರತಿಫಲಿಸುತ್ತದೆ. ಹಿಮ ಕರಗಿ ತೆರೆದುಕೊಂಡ ಕಪ್ಪು ಜಲವಾದರೋ ಅವುಗಳಲ್ಲಿ ಶೇಕಡ 90ಕ್ಕೂ ಮಿಗಿಲಾದುದನ್ನು ಹೀರಿಕೊಂಡು, ಮತ್ತಷ್ಟು ಹಿಮವನ್ನು ಕರಗಿಸುತ್ತದೆ. ಅಂಗಾರಾಮ್ಲದ (ಇಂಗಾಲದ ಡೈಆಕ್ಸೈಡಿನ) ವೃದ್ಧಿಯಿಂದಾಗುವ ತಾಪವು ಉತ್ತರದ ಅಕ್ಷಾಂಶಗಳಲ್ಲಿ ಅಧಿಕವಾಗಿರುವುದೆಂದು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1896ರಷ್ಟು ಹಿಂದೆಯೇ ಗಣಿಸಿದ್ದನು. 1979ರಿಂದ ಈಚೆಗೆ ಉತ್ತರಧ್ರುವ ಪ್ರದೇಶವು ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕುಪಟ್ಟು ವೇಗದಿಂದ ಕಾದಿದೆ. 2012ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸಮುದ್ರಹಿಮವು ಸುಮಾರು 34 ಲಕ್ಷ ಚದರ ಕಿಲೋಮೀಟರುಗಳಿಗೆ ಕುಗ್ಗಿತ್ತು. ಈ ತಾಪವೃದ್ಧಿಯಿಂದ ಮೇಲ್ಪದರದ ಪಶ್ಚಿಮ ಮಾರುತಗಳು ದುರ್ಬಲವಾಗುವುವೆಂಬ ವಾದದಲ್ಲಿ ವಿದ್ವಾಂಸರಿಗೆ ಇನ್ನೂ ಐಕಮತ್ಯವಿಲ್ಲ. ಆದರೆ ಗತ ಹಿಮಯುಗದಲ್ಲಿ ಉತ್ತರ ಅಟ್ಲಾಂಟಿಕ್ ಸಾಗರವು ತಣ್ಣಗಾದಾಗಲೆಲ್ಲ ನಮ್ಮ ಮುಂಗಾರು ಕ್ಷೀಣಿಸಿತ್ತೆಂಬುದಕ್ಕೆ ಅರಬ್ಬೀ ಸಮುದ್ರತಳದ ಕೆಸರಿನ ಪದರಗಳೇ ಸಾಕ್ಷಿ. ಗ್ರೀನ್‌ಲೆಂಡಿನ ಹಿಮ ಕರಗಿ ಆ ಸಾಗರಕ್ಕೆ ಸೇರುತ್ತಿರುವ ಸಿಹಿನೀರು ಅಲ್ಲಿಯ ಉಷ್ಣಪ್ರವಾಹವನ್ನು ಕುಂದಿಸಿ ಅದನ್ನು ಮತ್ತೆ ತಣ್ಣಗಾಗಿಸಬಹುದೆಂಬ ಆತಂಕವು ಆದಕಾರಣ ನಮಗೂ ಸಂಬಂಧಿಸಿದುದು.

ಹಿಮಕ್ಕೂ ಮುಂಗಾರಿಗೂ ಇರುವ ನಂಟಿನ ಶೋಧನೆ ನಮ್ಮ ದೇಶದಲ್ಲಿ ಹೊಸದಲ್ಲ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನು 1871ರ ಸುಮಾರು 50 ಲಕ್ಷದಿಂದ 1881ರ ವೇಳೆಗೆ 42 ಲಕ್ಷಕ್ಕೆ ಇಳಿಸಿದ ಆ ದಾರುಣ ಕಾಲದ ತರುವಾಯ, ಹವಾಮಾನಶಾಸ್ತ್ರಜ್ಞ ಹೆನ್ರಿ ಬ್ಲಾನ್‌ಫರ್ಡನು 1884ರಲ್ಲಿ ಹಿಮಾಲಯದ ಹಿಮರಾಶಿಗೂ ಅನಾವೃಷ್ಟಿಗೂ ಇರುವ ಸಂಬಂಧವನ್ನು ಪ್ರತಿಪಾದಿಸಿದನು. ಇಂದು ಅದೇ ಪರಂಪರೆಯು ಉತ್ತರಧ್ರುವ ಪ್ರದೇಶದ ಸ್ವಾಲ್ಬಾರ್ಡಿನಲ್ಲಿ 2008ರಲ್ಲಿ ಸ್ಥಾಪಿತವಾದ ಭಾರತದ ‘ಹಿಮಾದ್ರಿ’ ಕೇಂದ್ರದವರೆಗೂ ಬೆಳೆದಿದೆ. ಅದೇ ಪ್ರದೇಶದ ಕಾರಾ ಸಮುದ್ರದ ಬೇಸಿಗೆಯ ಹಿಮಹ್ರಾಸಕ್ಕೂ ಮಧ್ಯಭಾರತದ ಸೆಪ್ಟೆಂಬರ್ ತಿಂಗಳ ಅತಿವೃಷ್ಟಿಗೂ ಸಂಬಂಧವಿರಬಹುದೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಅದನ್ನು ಯಥಾವತ್ತಾಗಿ ತುಮಕೂರಿಗೆ ಅನ್ವಯಿಸುವುದು ಅವಸರವಾದೀತು. ಆದರೂ ಉತ್ತರೆ, ಹಸ್ತೆಗಳ ಮಳೆಯಿಂದಲೇ ಕೆರೆ ತುಂಬಿಸಿಕೊಳ್ಳುವ ಸೀಮೆಯು ಅದನ್ನು ಉಪೇಕ್ಷಿಸಲಾಗದು.

ಮಳೆಯ ವೈಪರೀತ್ಯದ ಪರಿಣಾಮ ಇಲ್ಲಿ ಪ್ರತ್ಯಕ್ಷ. 2022ರಲ್ಲಿ ಕೆರೆಗಳು ಕೋಡಿಬಿದ್ದವು. ಮಾರ್ಕೋನಹಳ್ಳಿ ಜಲಾಶಯದ ಸ್ವಯಂಚಾಲಿತ ಸೈಫನ್ನುಗಳಿಂದ ಶಿಂಷೆಯ ನೀರು ಧುಮ್ಮಿಕ್ಕಿತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಈ ಎರಡು ವರ್ಷಗಳ ಹೊಣೆಯನ್ನು ಧ್ರುವಗಳ ಮೇಲೆ ಹೊರಿಸುವುದು ಶಾಸ್ತ್ರಸಮ್ಮತವಲ್ಲ. ಶಾಂತಸಾಗರದ ಉಷ್ಣತೆಯ ಏರಿಳಿತವೇ ಅಲ್ಲಿ ಸಮೀಪದ ಕಾರಣ. ಕಾಯುತ್ತಿರುವ ಭೂಮಿಯಲ್ಲಿ ಇಂಥ ಅತಿರೇಕಗಳು ತೀವ್ರವಾಗುವುವೆಂಬುದು ಮಾತ್ರ ನಿಸ್ಸಂದೇಹ. ನಾಲೆಯಲ್ಲಿ ಬರುವ ಹೇಮಾವತಿಯ ನೀರೂ ಮಲೆನಾಡಿನ ಮುಂಗಾರಿನ ದಾನವೇ ಆಗಿರುವುದರಿಂದ, ಅದೂ ಈ ಅನಿಶ್ಚಯಕ್ಕೆ ಹೊರತಲ್ಲ.

ಒಂದೇ ವಾರದಲ್ಲಿ ಸುರಿದು ತಿಂಗಳುಗಟ್ಟಲೆ ಮುನಿಯುವ ಮಳೆಯನ್ನು ರಾಗಿಯ ಹೊಲವು ತಡೆದುಕೊಳ್ಳಲಾರದು. ಹೂಳು ತೆಗೆದ ಕೆರೆ ಮಾತ್ರ ಅದನ್ನು ಹಿಡಿದಿಟ್ಟು ಅಡಕೆ, ತೆಂಗುಗಳಿಗೂ ಕುಡಿಯುವ ಬಾವಿಗೂ ಹಂಚಬಲ್ಲುದು. ಆದುದರಿಂದ ರಾಜಕಾಲುವೆಗಳ ಒತ್ತುವರಿಯನ್ನು ತೆರವುಗೊಳಿಸುವುದು, ಕೋಡಿಯ ಅಳತೆಯನ್ನು ಇಂದಿನ ಮಳೆಯ ತೀವ್ರತೆಗೆ ಅನುಗುಣವಾಗಿ ಮರಳಿ ಗಣಿಸುವುದು, ಪ್ರತಿಯೊಂದು ಕೆರೆಯ ನೀರಿನ ಮಟ್ಟವನ್ನೂ ವರ್ಷವರ್ಷವೂ ದಾಖಲಿಸುವುದು—ಇವು ಸ್ಥಳೀಯ ಆಡಳಿತದ ದಿನಚರಿಯ ಕೆಲಸಗಳಾಗಿ ಕಂಡರೂ, ಧ್ರುವಗಳ ತಾಪವೃದ್ಧಿಗೆ ಬಯಲುಸೀಮೆಯು ಕೊಡಬಹುದಾದ ಅತ್ಯಂತ ವಿವೇಕಯುತವಾದ ಉತ್ತರವು ಇದೇ ಆಗಿದೆ.